ತಲೆ ತಗ್ಗಿಸಿದವರಿಗೆ ಕೇಳದ ಮಾತು

ಪ್ರಯೂನ್ ಮಾತನಾಡುವಾಗ ಎದುರಿಗಿದ್ದವರು ನೆಲ ನೋಡಿದರೆ ಆ ಮಾತು ಅಲ್ಲಿಗೇ ಮುಗಿದಂತೆ. ಮೇಕ್ಲೋಂಗ್ ನದಿ ಸಮುದ್ರ ಸೇರುವಲ್ಲಿಗೆ ಹತ್ತಿರದ ನಮ್ಮ ಕಾಲುವೆಯಲ್ಲಿ ಅವರನ್ನು ಎಲ್ಲರೂ ಲುಂಗ್ ಯೂನ್ ಎನ್ನುತ್ತಾರೆ. ಲುಂಗ್ ಎಂದರೆ ದೊಡ್ಡಮಾವ. ನೆಂಟರಿಗೂ ಹಾಗೆಯೇ, ನೆಂಟರಲ್ಲದವರಿಗೂ ಹಾಗೆಯೇ. ವಯಸ್ಸು ಅರವತ್ತು ದಾಟಿದೆ. ತೆಂಗಿನ ಹೊಂಬಾಳೆಯ ರಸ ಇಳಿಸಿ, ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವುದು ಕಸುಬು.

ಕಸುಬಿನ ಜೊತೆಗೆ ಇನ್ನೊಂದು ಕೆಲಸವಿತ್ತು. ಗಂಡಿನ ಕಡೆಯಿಂದ ಹೆಣ್ಣು ಕೇಳಲು ಹೋಗುವ ಹಿರಿಯ ಅವರು. ಈ ಕೆಲಸಕ್ಕೆ ಎಲ್ಲರನ್ನೂ ಕರೆಯುವುದಿಲ್ಲ. ಹೆಂಡತಿಯೊಂದಿಗೆ ಚೆನ್ನಾಗಿ ಬಾಳಿದವರಾಗಿರಬೇಕು, ನಾಲಿಗೆ ಹದವಾಗಿರಬೇಕು. ಹೆಣ್ಣಿನ ಮನೆಯವರು ಬಿಗುಮಾನದಿಂದ ಕೂತಿದ್ದರೆ ನಗಿಸಬೇಕು, ಹೆಚ್ಚು ನಕ್ಕರೆ ವಿಷಯಕ್ಕೆ ತರಬೇಕು. ಈ ಕಾಲುವೆಯ ಅರ್ಧದಷ್ಟು ಮನೆಗಳ ಸೊಸೆಯಂದಿರನ್ನು ಕೇಳಿ ತಂದದ್ದು ಪ್ರಯೂನ್ ಎಂದು ಜನ ಹೇಳುತ್ತಾರೆ. ‘ಅವರ ಮನೆಯಲ್ಲಿ ಜಗಳವೇ ಇಲ್ಲ, ಅದಕ್ಕೇ ಅವರನ್ನು ಕರೆಯುತ್ತಾರೆ’ ಎಂದು ಯಾರಾದರೂ ಹೇಳಿದರೆ ಅವರ ಹೆಂಡತಿ ಲಮೈ ಸುಮ್ಮನಿರುವವರಲ್ಲ.

“ಜಗಳ ಇಲ್ಲ ಅಂತ ಯಾರ್ ಹೇಳಿದ್ದು? ಒಂದು ದಿನ ಕೊಪ್ಪರಿಗೆ ಹತ್ರ ಬಂದು ನಿಂತ್ಕೊಂಡು ಕೇಳಿ.”

ಎರಡು ವರ್ಷದ ಹಿಂದೆ ಅವರ ಧ್ವನಿ ಒಡೆಯಿತು. ಒಲೆಯ ಹೊಗೆ ಇರಬೇಕು ಎಂದುಕೊಂಡರು. ಜೇನು, ನಿಂಬೆಹಣ್ಣು ಎಲ್ಲ ಆಯಿತು. ಕೊನೆಗೆ ಬ್ಯಾಂಕಾಕಿನ ದೊಡ್ಡಾಸ್ಪತ್ರೆಯಲ್ಲಿ ಗಂಟಲಿನ ಕ್ಯಾನ್ಸರ್ ಎಂದು ಹೇಳಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಉಸಿರು ಹೋಗಿಬರುವುದು ಕತ್ತಿನ ಬುಡದಲ್ಲಿರುವ ಒಂದು ತೂತಿನಿಂದ. ಅದರ ಮೇಲೆ ಲಮೈ ಹೊಲಿದುಕೊಟ್ಟ ತೆಳು ಬಟ್ಟೆ ಇಳಿಬಿದ್ದಿರುತ್ತದೆ. ಹೊಗೆಯ ಹತ್ತಿರ ಸುಳಿಯಬಾರದು, ನೀರಿಗಂತೂ ಬೀಳಲೇಬಾರದು ಎಂದು ವೈದ್ಯರು ಹೇಳಿ ಕಳುಹಿಸಿದರು. ಬೆಲ್ಲ ಮಾಡುವವನಿಗೆ, ಕಾಲುವೆಯ ದಡದವನಿಗೆ, ಈ ಎರಡು ಮಾತು ಸಾಕು ಬದುಕನ್ನು ಅಂಗಳದೊಳಗೆ ಕೂಡಿಹಾಕಲು. ದೋಣಿ ಹತ್ತುವುದು ನಿಂತಿತು. ಅಚ್ಚಿಗೆ ಹೊಯ್ದ ಬೆಲ್ಲವನ್ನು ಬಿಡಿಸಿ ಕಟ್ಟುವ ಕೆಲಸ ಅವರ ಪಾಲಿಗೆ ಬಂತು.

ಮಾತಿಗೆ ಒಂದು ಯಂತ್ರ ಕೊಟ್ಟಿದ್ದಾರೆ. ಕೈಯಲ್ಲಿ ಹಿಡಿಯುವ ಟಾರ್ಚಿನಷ್ಟಿದೆ. ಗದ್ದದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಆ ಸದ್ದನ್ನು ತುಟಿ ನಾಲಿಗೆಗಳು ಮಾತಾಗಿ ಕತ್ತರಿಸಬೇಕು. ಬೇರೆ ಭಾಷೆಯವರಿಗೆ ಅಷ್ಟು ಸಾಕಾಗಬಹುದು. ಥಾಯ್ ಮಾತಿಗೆ ಸಾಲದು. ನಮ್ಮಲ್ಲಿ ಒಂದೊಂದು ಉಚ್ಚಾರಕ್ಕೂ ಅದರದೇ ಸ್ವರವಿದೆ: ಸಮ, ತಗ್ಗು, ಇಳಿಕೆ, ಎತ್ತರ, ಏರಿಕೆ. ಸ್ವರ ಬದಲಾದರೆ ಅದೇ ಉಚ್ಚಾರಕ್ಕೆ ಬೇರೆ ಅರ್ಥ; ಸ್ವರ ಹೋದರೆ ಮಾತಿನ ಬೆನ್ನುಮೂಳೆ ಹೋದಂತೆ. ಯಂತ್ರಕ್ಕೆ ಬರುವುದು ಒಂದೇ ಸ್ವರ.

ಆಸ್ಪತ್ರೆಯ ನರ್ಸ್ ಸುನಿಸಾ ಎಂಬಾಕೆ ಬಿಡುಗಡೆಯ ದಿನ ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

“ಲುಂಗ್, ಗಿಡ್ಡ ಗಿಡ್ಡ ಮಾತಾಡಿ. ಕೇಳೋರು ನಿಮ್ಮ ಮುಖ ನೋಡೋ ಹಾಗೆ ಕೂತ್ಕೊಳ್ಳಿ. ದನಿ ಮೇಲೆ ಹೋಗುವಾಗ ಎಲ್ಲರ ಹುಬ್ಬೂ ಒಂಚೂರು ಮೇಲೆ ಹೋಗುತ್ತೆ, ಇಳಿಯುವಾಗ ಗದ್ದ ಇಳಿಯುತ್ತೆ. ನಮಗೇ ಗೊತ್ತಾಗಲ್ಲ, ಅಷ್ಟೇ. ನೀವು ಅದನ್ನ ಸ್ವಲ್ಪ ದೊಡ್ಡದಾಗಿ ಮಾಡಿ.”

ಮನೆಗೆ ಬಂದು ಕನ್ನಡಿಯ ಮುಂದೆ ಅಭ್ಯಾಸ ಶುರುವಾಯಿತು. ಸಮಸ್ವರಕ್ಕೆ ಮುಖ ಅಲುಗಬಾರದು. ತಗ್ಗಿಗೆ ಗದ್ದ ಕುಳಿತುಕೊಳ್ಳಬೇಕು. ಎತ್ತರದ ಸ್ವರಕ್ಕೆ ಹುಬ್ಬು ಮೇಲೇರಿ ಅಲ್ಲೇ ನಿಲ್ಲಬೇಕು. ಇಳಿಕೆಗೆ ತಲೆ ಮೇಲಿಂದ ಬೀಳಬೇಕು, ಏರಿಕೆಗೆ ಗದ್ದ ಒಮ್ಮೆ ಮುಳುಗಿ ಮೇಲೆ ಬರಬೇಕು. ಮೊದಮೊದಲು ಗದ್ದ ಅಲ್ಲಾಡಿದಾಗಲೆಲ್ಲ ಯಂತ್ರ ಜಾರಿ ಮಾತು ಮಧ್ಯದಲ್ಲಿ ಮುರಿಯುತ್ತಿತ್ತು. ಕೈಯೂ ಗದ್ದದ ಜೊತೆ ಸಾಗುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು.

“ಗಂಟಲಲ್ಲಿ ಮುಳ್ಳು ಸಿಕ್ಕಿದ ಬೆಕ್ಕಿನ ಹಾಗೆ ಕಾಣ್ತೀರ,” ಎಂದರು ಲಮೈ, ಅಚ್ಚು ತೊಳೆಯುತ್ತ. “ಆದ್ರೆ ಏನ್ ಹೇಳಿದ್ರಿ ಅಂತ ಗೊತ್ತಾಯ್ತು. ಕಾಫಿ ನೀವೇ ಮಾಡ್ಕೊಳ್ಳಿ.”

ಇದನ್ನು ಪವಾಡ ಎನ್ನುವಂತಿಲ್ಲ. ಸ್ವರ ಹುಟ್ಟುವುದು ಗಂಟಲಲ್ಲಿ, ಹುಬ್ಬಿನಲ್ಲಲ್ಲ. ಮುಖ ಸುಳಿವು ಕೊಡುತ್ತದೆ. ಉಳಿದದ್ದನ್ನು ಸಂದರ್ಭ ನೋಡಿ ಕೇಳುವವರೇ ತುಂಬಿಕೊಳ್ಳಬೇಕು. ಫೋನಿನಲ್ಲಿ ಪ್ರಯೂನ್ ಮಾತು ಈಗಲೂ ಯಾರಿಗೂ ತಿಳಿಯುವುದಿಲ್ಲ. ಕತ್ತಲಲ್ಲಿ ಲಮೈಗೂ ತಿಳಿಯುವುದಿಲ್ಲ.

ಮನೆಯ ಹೊರಗೆ ಅವರ ಮಾತನ್ನು ಮೊದಲು ಹಿಡಿದವಳು ಪೇಟೆಯಲ್ಲಿ ಮೀನು ಮಾರುವ ಜೇ ಹುಯ್. ಚೀನೀ ಮನೆತನದ ಹೆಂಗಸು. ಎದುರಿಗೆ ಯಾರೇ ನಿಂತರೂ ಕಣ್ಣು ಕೀಳದೆ ದಿಟ್ಟಿಸುತ್ತಾಳೆ. ಮೇಕ್ಲೋಂಗಿನ ಬಂಗುಡೆಯನ್ನು ಚಿಕ್ಕ ಬುಟ್ಟಿಯಲ್ಲಿ ಹಿಡಿಸಲು ಕತ್ತು ಮುರಿದು ಮಡಿಸಿ ಬೇಯಿಸುತ್ತಾರೆ. ‘ಮುಖ ಸೊಟ್ಟ, ಕತ್ತು ಮುರುಕ’ ಎಂದೇ ಅದರ ಖ್ಯಾತಿ. ಆಪರೇಷನ್ ಆದಮೇಲೆ ಪ್ರಯೂನ್ ಮೊದಲ ಸಲ ಪೇಟೆಗೆ ಹೋದಾಗ ಅವಳು ಸಾಲಿನುದ್ದಕ್ಕೂ ಕೇಳುವಂತೆ ಕೂಗಿದಳು.

“ನೋಡ್ರೇ, ಬುಟ್ಟಿಯಿಂದ ಒಂದು ಬಂಗುಡೆ ಎದ್ದು ನಡ್ಕೊಂಡು ಬರ್ತಿದೆ!”

ಅಕ್ಕಪಕ್ಕದ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಪ್ರಯೂನ್ ಯಂತ್ರ ಒತ್ತಿದರು.

“ಎರಡು ಬುಟ್ಟಿ ಕೊಡು. ನಿನ್ನೇದು ಬೇಡ.”

“ನಿನ್ನೇದಂತೆ! ಈ ಸಾಲಲ್ಲಿ ನಿನಗಿಂತ ಹಳೇ ಸರಕು ಯಾವುದೈತೆ?” ಎಂದು ಅವಳು ಮೀನು ಕಟ್ಟಿದಳು. ಕಟ್ಟುತ್ತಲೇ ಅಂದಳು: “ಆ ಡಬ್ಬ ಜೇನುಹುಳ ಇದ್ದಂಗೈತೆ, ಒಂದೇ ರಾಗ. ನಿನ್ನ ಹುಬ್ಬು ಮಾತ್ರ ಮೊದಲಿನಂಗೇ ವಟವಟ ಅಂತದೆ.”

ಅವಳಿಗೆ ತಿಳಿದದ್ದು ಪ್ರಯೂನರ ಮನೆಯ ಹುಡುಗನಿಗೇ ತಿಳಿಯುತ್ತಿರಲಿಲ್ಲ. ಕೊಂಗ್, ಪ್ರಯೂನರ ತಂಗಿ ಸಮ್ರುಯ್‌ಳ ಮಗ. ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡಿದ್ದರಿಂದ ಬೆಳೆದದ್ದು ಈ ಮನೆಯಲ್ಲಿ. ಈಗ ದೋಣಿಯ ಎಂಜಿನ್ ರಿಪೇರಿ ಮಾಡುತ್ತಾನೆ, ಮೂವತ್ತರ ಹತ್ತಿರದ ಆಳು. ಮಾವ ಮಾತನಾಡಿದರೆ ಕೈ ಕಟ್ಟಿ, ತಲೆ ಬಗ್ಗಿಸಿ, ಮುಗುಳ್ನಕ್ಕು “ಆಯ್ತು ಲುಂಗ್” ಎನ್ನುತ್ತಾನೆ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿರುತ್ತಾನೆ.

“ಮುಖ ನೋಡೋ ಅವರದ್ದು!” ಎಂದು ಲಮೈ ಗದರಿದ್ದುಂಟು.

“ಹೆಂಗ್ ನೋಡ್ಲಿ ಅತ್ತೆ? ಅವರು ಮಾತಾಡ್ತಿರುವಾಗ ಕಣ್ಣಲ್ಲಿ ಕಣ್ಣಿಟ್ಟು ನಿಂತ್ರೆ ಜಗಳಕ್ಕೆ ಬಂದವನ ಹಂಗಾಗುತ್ತೆ.”

ಕೊಂಗ್ ಒಬ್ಬನೇ ಅಲ್ಲ. ಹಿರಿಯರ ಮಾತಿಗೆ ತಲೆ ತಗ್ಗಿಸುವುದು, ಅರ್ಥವಾಗದಿದ್ದರೂ ಅವರಿಗೆ ಮುಜುಗರ ಆಗಬಾರದೆಂದು ನಕ್ಕು ಒಪ್ಪಿಕೊಳ್ಳುವುದು ನಮ್ಮಲ್ಲಿ ಹಾಲಿನ ಜೊತೆ ಬಂದದ್ದು. ಅದರ ಮೇಲೆ ಕತ್ತಿನ ತೂತು ಬೇರೆ. ಊನದ ಕಡೆ ನೋಡುವುದು ಇನ್ನೂ ದೊಡ್ಡ ಅಮರ್ಯಾದೆ. ಹೀಗೆ ಪ್ರಯೂನರನ್ನು ಯಾರು ಎಷ್ಟು ಹೆಚ್ಚು ಗೌರವಿಸುತ್ತಿದ್ದರೋ ಅವರಿಗೆ ಅವರ ಮಾತು ಅಷ್ಟು ಕಡಿಮೆ ತಿಳಿಯುತ್ತಿತ್ತು. ಆ ನಗು ಪ್ರಯೂನರಿಗೆ ಚೆನ್ನಾಗಿ ಗೊತ್ತು. ಅದು ಕಂಡ ಕೂಡಲೇ ಅವರು ಯಂತ್ರ ಕೆಳಗಿಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಕೊಂಗ್‌ಗೆ ಹೆಣ್ಣು ಕೇಳುವ ಮಾತು ಬಂತು. ಹುಡುಗಿ ರಿನ್, ದೊಡ್ಡ ಕಾಲುವೆಯ ಆಚೆಯ ತೋಟದ ಮನೆಯವಳು. ಹುಡುಗ ಹುಡುಗಿ ಒಪ್ಪಿಕೊಂಡಾಗಿತ್ತು. ಆದರೆ ಆ ಮನೆಯಲ್ಲಿ ನಡೆಯುವುದು ಎಂಬತ್ತು ದಾಟಿದ ಅಜ್ಜಿ ತೂಮ್ ಅವರ ಮಾತು. ಹಿಂದೆ ಬಂದ ಎರಡು ಸಂಬಂಧಗಳಿಗೆ ಅವರು “ಯೋಚಿಸಿ ಹೇಳ್ತೀವಿ” ಎಂದಿದ್ದರು. ಯೋಚನೆ ಇನ್ನೂ ಮುಗಿದಿಲ್ಲ.

ಸಮ್ರುಯ್ ಅಣ್ಣನ ಮುಂದೆ ಬಂದು ಕೂತಳು. ಜೊತೆಗೆ ನಿವೃತ್ತ ಹೆಡ್ಮಾಸ್ತರು ವಿಚಿಯನ್ ಬರುತ್ತಾರೆ ಎಂದಳು.

“ನಿಮಗ್ಯಾಕೆ ತೊಂದ್ರೆ ಅಂತ, ಅಣ್ಣಾ. ಮೇಷ್ಟ್ರು ಮಾತಾಡ್ತಾರೆ. ನೀವು ಪಕ್ಕದಲ್ಲಿ ಕೂತಿದ್ರೆ ಸಾಕು, ಮನೆಗೊಂದು ಮರ್ಯಾದೆ.”

“ನಾನೇನು ಹೂವಿನ ಕುಂಡನಾ?” ಎಂದರು ಪ್ರಯೂನ್. “ಇವನನ್ನ ಸಾಕಿದ್ದು ನಾನು. ಕೇಳೋನೂ ನಾನೇ.”

ಸಮ್ರುಯ್ ಚಾಪೆಯ ಅಂಚನ್ನು ನೋಡುತ್ತ ನಕ್ಕಳು. “ಆಯ್ತು ಅಣ್ಣ, ಹಾಗೇ ಮಾಡೋಣ.”

ಲಮೈ ಒಳಗಿಂದ ಕೂಗಿ ಹೇಳಿದರು: “ಏನ್ ಆಯ್ತು? ಅವರೇ ಕೇಳ್ತಾರಂತೆ!”

ಸಮ್ರುಯ್‌ಳ ನಗು ಅಲ್ಲಿಗೆ ನಿಂತಿತು. ಸ್ವಲ್ಪ ಎಳೆದಾಡಿ ಒಪ್ಪಂದವಾಯಿತು: ಅಣ್ಣನೇ ಶುರು ಮಾಡುವುದು, ಬೇಕಾದರೆ ಮೇಷ್ಟ್ರು.

ಆ ತೋಟಕ್ಕೆ ದೋಣಿಯಲ್ಲೇ ಹೋಗಬೇಕು. ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ತೊಡಿಸಿ, ಅಡ್ಡಹಲಗೆಯ ಮೇಲೆ ಕೂರಲು ಬಿಡದೆ, ಲಮೈ ಗಂಡನನ್ನು ದೋಣಿಯ ತಳದಲ್ಲಿ ಕೂರಿಸಿದರು; ಕೊಪ್ಪರಿಗೆ ಬಿಟ್ಟು ಬರಲಾಗದೆ ತಾವು ದಡದಲ್ಲೇ ಉಳಿದರು. ಕೊಂಗ್ ಎಂಜಿನ್ನನ್ನು ಆಮೆವೇಗದಲ್ಲಿ ಇಟ್ಟ. ದಾರಿಯುದ್ದಕ್ಕೂ ಪ್ರಯೂನ್ ಮೂರು ಸಾಲುಗಳನ್ನು ಮುಖದಲ್ಲೇ ಹೇಳಿಕೊಂಡರು, ಯಂತ್ರ ಒತ್ತದೆ. ಹುಬ್ಬು ಏರಿತು, ಗದ್ದ ಇಳಿಯಿತು. ವಿಚಿಯನ್ ಮೇಷ್ಟ್ರು ಸಭ್ಯರು. ತೆಂಗಿನ ಸಾಲನ್ನು ನೋಡುತ್ತ ಕೂತರು.

ಹೆಣ್ಣಿನ ಮನೆಯಲ್ಲಿ ಉಪಚಾರಕ್ಕೆ ಕೊರತೆ ಇರಲಿಲ್ಲ. ಪ್ರಯೂನರನ್ನು ಎತ್ತರದ ಜಗುಲಿಯ ಮೇಲೆ ಕೂರಿಸಿ, ರಿನ್‌ಳ ತಂದೆತಾಯಿ ಕೆಳಗೆ ಚಾಪೆಯ ಮೇಲೆ ಕಾಲು ಮಡಿಸಿ ಕೂತರು. ತೂಮಜ್ಜಿ ಪಕ್ಕಕ್ಕೆ ತಿರುಗಿ, ಚಿಕ್ಕ ಒರಳಿನಲ್ಲಿ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರು.

ಪ್ರಯೂನ್ ಯಂತ್ರವನ್ನು ಗದ್ದಕ್ಕೆ ಒತ್ತಿದರು. “ಒಳ್ಳೆ ದಿನ ನೋಡ್ಕೊಂಡು ಬಂದಿದೀವಿ,” ಎಂದರು. ಕೆಳಗಿದ್ದವರೆಲ್ಲ ಒಟ್ಟಿಗೆ ತಲೆ ಬಗ್ಗಿಸಿದರು. ಏರಿದ ಹುಬ್ಬನ್ನು ನೋಡಿದ್ದು ಗೋಡೆಯ ಮೇಲಿನ ಹಲ್ಲಿ ಮಾತ್ರ.

“ಹೌದು ಲುಂಗ್, ಹೌದು,” ಎಂದ ರಿನ್‌ಳ ತಂದೆ ನೆಲಕ್ಕೆ.

ಪ್ರಯೂನ್ ಜಗುಲಿಯಿಂದ ಇಳಿದು ಚಾಪೆಯ ಮೇಲೆ ಅವರ ಎದುರಿಗೇ ಕೂತರು. ಹಿರಿಯ ಅತಿಥಿ ಸಮಕ್ಕೆ ಬಂದು ಕೂತರೆ ಮನೆಯವರು ಹೇಗೆ ಹಾಗೇ ಇರುತ್ತಾರೆ? ಗಂಡ ಹೆಂಡತಿ ಗಾಬರಿಯಾಗಿ ಹಿಂದಕ್ಕೆ ಸರಿದು ಒಂದು ಮೆಟ್ಟಿಲು ಕೆಳಗಿನ ಹಜಾರಕ್ಕೆ ಇಳಿದರು. ಅಲ್ಲಿ ಇನ್ನಷ್ಟು ಬಗ್ಗಿದರು. ಪ್ರಯೂನರಿಗೆ ಎರಡು ಬೈತಲೆಗಳಷ್ಟೇ ಕಾಣುತ್ತಿದ್ದವು. ತೂಮಜ್ಜಿಯ ಕಣ್ಣು ಒರಳಿನಲ್ಲಿತ್ತು. ಅವರಿಗೆ ಬಗ್ಗುವ ಅಗತ್ಯವಿಲ್ಲ, ವಯಸ್ಸಿನಲ್ಲಿ ದೊಡ್ಡವರು. ಆದರೆ ಕತ್ತು ಕುಯ್ಸಿಕೊಂಡ ಮನುಷ್ಯನನ್ನು ದಿಟ್ಟಿಸಿ ನೋಯಿಸುವ ಹೆಂಗಸಲ್ಲ ಅವರು.

ಪ್ರಯೂನ್ ಮತ್ತೆ ಕೇಳಿದರು. ಈ ಸಲ ಹೌದು ಎಂದು ಉತ್ತರ ಕೊಡಲಾಗದ ಪ್ರಶ್ನೆ. “ನಿಮಗೆ ಯಾವ ತಿಂಗಳು ಅನುಕೂಲ?”

“ಆಯ್ತು ಲುಂಗ್,” ಎಂದಳು ರಿನ್‌ಳ ತಾಯಿ, ಬಹಳ ಸಿಹಿಯಾಗಿ ನಕ್ಕು.

ಅವರು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡರು. ಸಮ್ರುಯ್ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಪ್ರಯೂನರ ಕಡೆ ನೋಡಿದರು. ಪ್ರಯೂನ್ ಬೇರೆ ಕಡೆ ನೋಡಿದರು. ವಿಚಿಯನ್ ಗಂಟಲು ಸರಿಮಾಡಿಕೊಂಡು ಸಂಬಂಧ ಬೆಳೆಸುವ ಮಾತನ್ನು ಚೆನ್ನಾಗಿಯೇ ಆಡಿದರು. ಬಿದಿರಿಗೆ ಬಿದಿರು ಆಸರೆ, ದೋಣಿಗೆ ದಡ ಆಸರೆ ಎಂದೆಲ್ಲ. ಎಲ್ಲರಿಗೂ ತಿಳಿಯಿತು. ತೂಮಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಮುಗಿಯುವವರೆಗೂ ಕೇಳಿ ಹೇಳಿದರು:

“ಯೋಚಿಸಿ ಹೇಳ್ತೀವಿ.”

ವಾಪಸು ಹೊರಟಾಗ ಸಮುದ್ರದ ಇಳಿತದಿಂದ ಕಾಲುವೆಯ ನೀರು ತಗ್ಗಿತ್ತು. ದೋಣಿ ಕಟ್ಟೆಯಿಂದ ಬಹಳ ಕೆಳಗೆ, ಕೆಸರು ಕಾಣುವ ಮೆಟ್ಟಿಲ ಬುಡದಲ್ಲಿ ನಿಂತಿತ್ತು. ಕೊಂಗ್ ಮಾವನ ಮೊಣಕೈ ಹಿಡಿದು ಇಳಿಸಿ ತಳದಲ್ಲಿ ಕೂರಿಸಿದ. ಬೀಳ್ಕೊಡಲು ಮನೆಯವರೆಲ್ಲ ಕಟ್ಟೆಯ ಮೇಲೆ ಬಂದು ನಿಂತರು, ರಿನ್ ಅಳುಮುಖ ಮಾಡಿಕೊಂಡು ಹಿಂದೆ. ದಡದ ಚಕ್ಕೋತ ಗಿಡಗಳ ಎಲೆಯ ತುದಿಗಳು ಸುಟ್ಟಂತೆ ಹಳದಿಯಾಗಿದ್ದವು. ಪ್ರಯೂನ್ ಸುಮ್ಮನೆ, ಬಾಯಿಮಾತಿಗೆ, ಕೇಳಿದರು:

“ಉಪ್ಪುನೀರು ಹೊಡೆದಿದ್ಯಾ ಇದಕ್ಕೆ?”

“ಹೊಡೀದೆ ಇನ್ನೇನು?” ಎಂದರು ತೂಮಜ್ಜಿ. “ಆಚೆ ಮನೆಯವನು ಸೀಗಡಿ ಹೊಂಡಕ್ಕೆ ಅಂತ ತೂಬು ತೆಗೀತಾನೆ, ಮುಚ್ಚಲ್ಲ. ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯ್ತು. ನೀವೇ ಹೇಳಿ, ಈ ಮರ ಇನ್ನು ಹಣ್ಣು ಕೊಡುತ್ತಾ?”

ಪ್ರಯೂನ್ ಕತ್ತೆತ್ತಿ ನೋಡುತ್ತ ಕೂತರು. ಅಜ್ಜಿ ನಕ್ಕಿರಲಿಲ್ಲ. ಬೇಸರದಿಂದ, ಲಕ್ಷಣವಾಗಿ, ಉತ್ತರ ಕೊಟ್ಟಿದ್ದರು. ಮೇಲೆ ನಿಂತವರೆಲ್ಲ ಮೊದಲಿನಂತೆಯೇ ಮರ್ಯಾದೆಯಿಂದ ತಲೆ ತಗ್ಗಿಸಿದ್ದರು. ತಗ್ಗಿಸಿದ ಕಣ್ಣುಗಳೆಲ್ಲ ನೇರವಾಗಿ ಅವರ ಮುಖದ ಮೇಲೆ ಬಂದು ನಿಂತಿದ್ದವು. ಅವರಿಗಿಂತ ಕೆಳಗೆ ಇಳಿಯಲು ಮನೆಯವರಿಗೆ ಈಗ ಜಾಗವಿರಲಿಲ್ಲ, ನೀರಿಗೇ ಹಾರಬೇಕಿತ್ತು.

ಕೊಂಗ್ ಎಂಜಿನ್ ಎಳೆದ. ಪ್ರಯೂನ್ ಹಿಂದೆ ಕೈ ಬೀಸಿ ನಿಲ್ಲಿಸಲು ಹೇಳಿದರು. ಎಂಜಿನ್ ಸದ್ದು ಅಡಗುವವರೆಗೂ ಕಾದರು.

“ಅಮ್ಮಾ. ಮೇಷ್ಟ್ರು ಚೆನ್ನಾಗಿ ಹೇಳಿದ್ರು. ಆದ್ರೆ ಇವನನ್ನ ಸಾಕಿದ್ದು ನಾನು. ನಿಮ್ಮ ರಿನ್‌ನ ಇವನಿಗೆ ಕೊಡಿ ಅಂತ ನಾನು ಕೇಳ್ತಿದೀನಿ.”

ಒಂದೊಂದು ಮಾತಿಗೂ ಹುಬ್ಬು ಏರಿತು, ನಿಂತಿತು. ಗದ್ದ ಮುಳುಗಿ ಮೇಲೆ ಬಂತು, ಅದರ ಜೊತೆ ಕೈ ಬಂತು. ಸಮ್ರುಯ್ ಅವರ ಅಂಗಿ ಜಗ್ಗಿದಳು.

“ಅಣ್ಣಾ! ದೋಣಿಯಲ್ಲಿ ಕೂತು ಯಾರಾದ್ರೂ ಹೆಣ್ಣು ಕೇಳ್ತಾರಾ? ಸೊಪ್ಪು ಮಾರೋರ ಹಂಗೆ!”

“ಇರಮ್ಮಾ,” ಎಂದರು ತೂಮಜ್ಜಿ. ಮೇಲಿನ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. “ಹುಡುಗ ಕುಡೀತಾನಾ?”

“ಹಬ್ಬಕ್ಕೆ.”

“ಎಷ್ಟು ಹಬ್ಬ?”

“ಊರಲ್ಲಿ ಎಷ್ಟಿದ್ಯೋ ಅಷ್ಟೇ. ಅವನೇ ಹೊಸದು ಮಾಡ್ಕೊಳ್ಳಲ್ಲ.”

ರಿನ್‌ಳ ತಂದೆ ಕಿಸಕ್ಕನೆ ನಕ್ಕ. ಒಳಗೆ ನಕ್ಕಿದ್ದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ದೋಣಿಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಒಬ್ಬನನ್ನು ಬಿಟ್ಟು. ಹಿಂದೆ ಎಂಜಿನ್ ಹಿಡಿದಿದ್ದ ಕೊಂಗ್‌ಗೆ ಮಾವನ ಬೆನ್ನು ಮಾತ್ರ ಕಾಣುತ್ತಿತ್ತು. “ಏನಂದ್ರು? ನನ್ನ ವಿಷ್ಯನಾ?” ಎಂದು ತಾಯಿಯನ್ನು ತಿವಿಯುತ್ತಿದ್ದ.

“ಮದುವೆ ಯಾವಾಗ ಅಂತೀರಿ?” ಅಜ್ಜಿ ಕೇಳಿದರು.

“ಆರನೇ ತಿಂಗಳು. ಒಳ್ಳೆ ತಿಂಗಳು.”

“ಆಗಲ್ಲ. ನಮ್ಮ ಲಿಚಿ ಕೊಯ್ಲು ಆಗ. ನಾಲ್ಕರಲ್ಲಿ ಮಾಡಿ.”

“ನಾಲ್ಕು ಆಗಲ್ಲ. ಮನೆ ನೆಲಕ್ಕೆ ಹಲಗೆ ಹಾಕಿಸ್ಬೇಕು.”

“ಹಲಗೆ ಮೇಲೆ ಮಲಗೋರು ಅವರು, ನೀವಲ್ಲ. ನಾಲ್ಕು ಅಂದ್ರೆ ನಾಲ್ಕು.”

ರಿನ್ ಒಳಕ್ಕೆ ಓಡಿದಳು. ಯಾರಾದರೂ ಹಿಂದೆ ಹೋಗಬೇಕೇನೋ ಎನ್ನುವಷ್ಟರಲ್ಲಿ ಬಗಲಲ್ಲಿ ಚಾಪೆಯ ಸುರುಳಿ ಇಟ್ಟುಕೊಂಡು ಬಂದು ಕಟ್ಟೆಯ ಮೇಲೆ ಹಾಸಿದಳು. ತಾಯಿ ಅನ್ನ, ಸಾರು ತಂದಳು. ಮೇಲೆ ಬನ್ನಿ ಎಂದು ಮರ್ಯಾದೆಗೆ ಒಮ್ಮೆ ಕರೆದರು. ಪ್ರಯೂನ್ ಒಲ್ಲೆ ಎಂದರು. ತಟ್ಟೆಗಳು ಕೈಯಿಂದ ಕೈಗೆ ಮೆಟ್ಟಿಲಿಳಿದು ದೋಣಿಗೆ ಬಂದವು. ಊಟದ ಮಧ್ಯೆ ಗಂಡಿನ ಮೆರವಣಿಗೆಯಲ್ಲಿ ಹೊತ್ತು ತರುವ ಕಾಣಿಕೆ ತಟ್ಟೆ ಎಷ್ಟು, ಬಾಳೆ ಕಂದು ಯಾರ ತೋಟದ್ದು, ಉದ್ದ ಡೋಲಿನವರನ್ನು ಎಲ್ಲಿಂದ ಕರೆಸುವುದು ಎಂದು ಚೌಕಾಸಿ ನಡೆಯಿತು. ಅನ್ನ ಅಗಿಯುವಾಗ ಪ್ರಯೂನ್ ಯಂತ್ರ ಒತ್ತಲಾರರು. ತೂಮಜ್ಜಿ ಅದನ್ನೇ ನೋಡಿಕೊಂಡು ತಮಗೆ ಬೇಕಾದ್ದನ್ನೆಲ್ಲ ಆ ಹೊತ್ತಿನಲ್ಲೇ ಹೇಳುತ್ತಿದ್ದರು.

ನೀರು ಏರಲು ಶುರುವಾಯಿತು. ದೋಣಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆಯ ಮಟ್ಟಕ್ಕೆ ಬರುತ್ತಿತ್ತು. ಮುಖಗಳು ಹತ್ತಿರವಾದವು; ಆ ಹೊತ್ತಿಗೆ ನೋಡುವುದು ಅಭ್ಯಾಸವಾಗಿತ್ತು, ಯಾರೂ ಕಣ್ಣು ತೆಗೆಯಲಿಲ್ಲ.

“ನಾಲ್ಕೇ ಇರ್ಲಿ,” ಎಂದರು ಪ್ರಯೂನ್ ಕೊನೆಗೆ. “ಮೆರವಣಿಗೆ ಮುಂದೆ ನಾನೇ ಬರ್ತೀನಿ. ಬಾಗಿಲಲ್ಲಿ ಗಂಡಿನ ಕಡೆಯವರನ್ನ ಅಡ್ಡ ಹಾಕಿ ಪ್ರಶ್ನೆ ಕೇಳೋ ಹುಡುಗೀರಿಗೆ ಹೇಳಿಡಿ, ಉತ್ತರ ನಾನೇ ಕೊಡ್ತೀನಿ ಅಂತ.”

“ಬನ್ನಿ,” ಎಂದರು ತೂಮಜ್ಜಿ. “ಸುಲಭಕ್ಕೆ ಬಿಡ್ತೀವಿ ಅಂದ್ಕೋಬೇಡಿ.”